ಕಿತ್ತೆಸೆದ ಕೋನ್‌ಫ್ಲವರ್

ಬ್ಯಾಡಗಿ,
೯ ಮಾರ್ಚ್ ೧೯೯೩

ಮೆಣಸಿನಕಾಯಿ ವ್ಯಾಪಾರಿ ಶಂಕ್ರಪ್ಪನವರಿಗೆ,

ನಿಮ್ಮ ಬಂಗಲೆಯ ಹೂದೋಟದಲ್ಲಿ ಮೂರು ವರ್ಷ ದುಡಿದ ಗದಿಗೆವ್ವ ಬರೆಯುತ್ತಿದ್ದೇನೆ. ನಮಸ್ಕಾರ ಬರೆಯಲು ಮನಸ್ಸಿಲ್ಲ.

ಆ ನೇರಳೆ ಕೋನ್‌ಫ್ಲವರ್ ಹೂಗಿಡ ಚಳಿಗೆ ಒಣಗಿದಾಗಲೇ ನಿಮಗೆ ಹೇಳಿದ್ದೆ: "ಸಾವ್ಕಾರ್ರ, ಮ್ಯಾಲಷ್ಟ ಒಣಗೇತ್ರಿ, ಬೇರಿನ್ಯಾಗ ಜೀವ ಐತಿ." ನಿಮಗೆ ಗೊತ್ತಿರುವುದು ಫಸಲು ಮುಗಿದ ಕೂಡಲೇ ಕಿತ್ತು ಒಲೆಗೆ ಹಾಕುವ ಮೆಣಸಿನ ಗಿಡ ಮಾತ್ರ. ಅದೇ ಕಣ್ಣಿನಿಂದ ಇದನ್ನೂ ನೋಡಿ ಕಿತ್ತು ತಿಪ್ಪೆಗೆ ಎಸೆದಿರಿ. ಓಣಿಯವರ ಮುಂದೆ, "ಈಕಿ ಕೈ ಹತ್ತಿದ್ದು ಯಾವ್ದು ಉಳದೈತಿ?" ಎಂದಿರಿ. ಆ ಒಂದು ಮಾತಿಗೆ ಅದೇ ಓಣಿಯ ಇನ್ನೆರಡು ಮನೆಯವರೂ ನನ್ನನ್ನು ತೋಟದ ಕೆಲಸದಿಂದ ಬಿಡಿಸಿದರು.

ಆ ಬೇರುಗಳನ್ನು ತಿಪ್ಪೆಯಿಂದ ಆರಿಸಿ ತಂದು ನನ್ನ ಮನೆಯ ಮುಂದೆ ಊರಿದ್ದೆ. ಒಂದೂ ಬಿಡದಂತೆ ಚಿಗುರಿವೆ. ಇನ್ನು ವರ್ಷಾ ವರ್ಷ ಇಲ್ಲೇ ಹೂ ಬಿಡುತ್ತವೆ. ವಾಪಸ್ ಕೇಳಬೇಡಿ.

ಬರುವ ಭಾನುವಾರ ಆ ಎರಡು ಮನೆಯವರನ್ನು ಕರೆದುಕೊಂಡು ಬನ್ನಿ. ಚಿಗುರು ನೋಡಿ, ಓಣಿಯಲ್ಲಿ ಆಡಿದ ಮಾತು ಸುಳ್ಳೆಂದು ಅವರೆದುರು ಹೇಳಿ. ನಮ್ಮ ಕೇರಿಯವರೂ ಕೇಳಲು ನಿಂತಿರುತ್ತಾರೆ. ನೀವು ಬಾರದಿದ್ದರೆ ಗಿಡ ಹೊತ್ತುಕೊಂಡು ನಾವೆಲ್ಲ ನಿಮ್ಮ ಬಾಗಿಲಿಗೇ ಬರುತ್ತೇವೆ.

ಮೂರು ವರ್ಷ ನನ್ನ ಬೊಗಸೆಗೆ ನೀರನ್ನು ಮೇಲಿನಿಂದ ಸುರಿದಿರಿ. ಬಿಸಿಲಿನಲ್ಲಿ ಬಂದವರಿಗೆ ನಾನೂ ನೀರು ಕೊಡುತ್ತೇನೆ, ಲೋಟದಲ್ಲಿ. ನನ್ನ ಕೈಯಿಂದಲೇ ತೆಗೆದುಕೊಂಡು ಕುಡಿಯಬೇಕು.

ಇಂತಿ,
ಗದಿಗೆವ್ವ
ಕಾಗಿನೆಲೆ ರಸ್ತೆಯ ಕೇರಿ