ಎಡಗಾಲಿನ ಟೇಪು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 2

ಕಾರ್ಪೆಟ್ ಹಾಸಿದೆ. ಬಲಗಡೆಯ ದೊಡ್ಡ ಡ್ರಮ್ ಮೊದಲು, ಎಡಗಡೆಯದು ಆಮೇಲೆ. ಐವತ್ತು ವರ್ಷದ ಹಳೆಯ ಸೆಟ್. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮೇ ಎರಡು — ಕಾಲಿಗೊಂದರಂತೆ. ಈಗಿನವರು ಒಂದೇ ಡ್ರಮ್ಮಿಗೆ ಎರಡು ಪೆಡಲ್ ಸಿಕ್ಕಿಸಿ ಮುಗಿಸುತ್ತಾರೆ. ಅಣ್ಣನಿಗೆ ಅದು ಆಗದು. ಎರಡರ ಹಿಂದೆ ಕೂತು ಮೆರೆಯಬೇಕು. ಹೊರುವವನು ಹೇಗೂ ನಾನು.

ಹದಿನಾಲ್ಕು ಪೆಟ್ಟಿಗೆ. ನಟ್ಟುಗಳೆಲ್ಲ ಸವೆದಿವೆ, ಒಂದೊಂದನ್ನೂ ಒಂದೊಂದು ಥರ ಓಲೈಸಬೇಕು. ಎಡ ಡ್ರಮ್ಮಿನ ಮುಂಗಾಲು ಜಾರುತ್ತದೆ, ಕೆಳಗೆ ರಬ್ಬರ್ ಕೊಟ್ಟೆ. ಪ್ರತಿಯೊಂದರ ಜಾಗಕ್ಕೂ ಕಾರ್ಪೆಟ್ ಮೇಲೆ ಕಪ್ಪು ಟೇಪಿನ ಗುರುತಿದೆ. ನಾವು ಪ್ರಾಕ್ಟೀಸ್ ಮಾಡುವ ಹಾಲ್ ಬಾಡಿಗೆಯದು, ಬೆಳಿಗ್ಗೆ ಡ್ಯಾನ್ಸ್ ಕ್ಲಾಸ್, ಸಂಜೆ ಕರಾಟೆ... ಹಾಗಾಗಿ ದಿನಾ ಜೋಡಿಸು, ದಿನಾ ಬಿಚ್ಚು. ಅಣ್ಣ ಬರುತ್ತಾನೆ, ಕೂರುತ್ತಾನೆ, ಬಾರಿಸುತ್ತಾನೆ. ಕೆಳಗೆ ನೋಡುವುದೇ ಇಲ್ಲ. ಅದು ನನ್ನ ಕೆಲಸ, ಇಪ್ಪತ್ತಾರು ವರ್ಷದಿಂದ.

29ಕ್ಕೆ ಶೋ. ಹಳೆಯ ಬ್ಯಾಂಡ್, ಹಳೆಯ ಜನ, ಹನ್ನೆರಡು ವರ್ಷದ ಮೇಲೆ ಮತ್ತೆ ಒಟ್ಟಿಗೆ. ನಡುವೆ ಅಣ್ಣ ಬೇರೆಯವರ ಜೊತೆ ಬಾರಿಸಿದಾಗಲೂ ಜೋಡಿಸಿದ್ದು ನಾನೇ. ಬಾತ್‌ರೂಮಿನಲ್ಲಿ ಜಾರಿ ಮುರಿದುಕೊಂಡಿದ್ದ ಎಡಗಾಲಿನ ಪ್ಲಾಸ್ಟರ್ ಬಿಚ್ಚಿ ಒಂದೂವರೆ ತಿಂಗಳಾಯಿತು. ಇವತ್ತು ಅಣ್ಣನ ಮೊದಲ ಪ್ರಾಕ್ಟೀಸ್.

ಸೌಂಡ್ ನೋಡೋಣ ಎಂದು ಸ್ಟೂಲ್ ಮೇಲೆ ಕೂತು ಎರಡೂ ಪೆಡಲ್ ಒತ್ತಿದೆ. ಅಷ್ಟರಲ್ಲಿ ಬಂದ.

"ಏಯ್, ಏಳೋ ಏಳೋ. ಸ್ಟೂಲ್‌ಗೆ ದುರಭ್ಯಾಸ ಆಗುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಮುಖ ಯಾಕೆ ಊದಿಸಿಕೊಂಡೆ ಎಂದು ಇನ್ನೊಂದು ಸುತ್ತು ನಗುತ್ತಾರೆ.

ಮಾರ್ಚ್ 4. ಸಂಜೆ 5

ಎಡ ಪೆಡಲ್ಲಿನ ಟೇಪ್ ಕಿತ್ತುಬಂದಿತ್ತು. ಅಂದಾಜಿನ ಮೇಲೆ ಇಟ್ಟೆ.

ಅಣ್ಣ ಶುರು ಮಾಡಿದ. ಎರಡನೆಯ ಹಾಡಿನಲ್ಲಿ ಎಡಗಾಲು ಎಡವಿತು. ಒಂದು ಸಲ, ಮತ್ತೊಂದು ಸಲ. ಬಾರಿಸುವುದು ನಿಲ್ಲಿಸಿ ಮೊಣಕಾಲು ನೋಡಿಕೊಂಡ. ಪೆಡಲ್ ಅಲ್ಲ, ಮೊಣಕಾಲು! ಮುಖ ಬಿಳುಚಿಕೊಂಡಿತ್ತು. ಅಣ್ಣ ಹೆದರಿದ್ದನ್ನು ಈ ಜನ್ಮದಲ್ಲಿ ಮೊದಲ ಸಲ ನೋಡಿದೆ.

ಎಲ್ಲರೂ ಹೋದ ಮೇಲೆ ಅಳೆದೆ. ಅರ್ಧ ಬೆರಳು ಆಚೆ ಇಟ್ಟಿದ್ದೆ, ಅಷ್ಟೆ. ಸರಿ ಮಾಡಬೇಕಿತ್ತು. ಟೇಪ್ ಹರಿದು ಆ ತಪ್ಪು ಜಾಗಕ್ಕೇ ಅಂಟಿಸಿದೆ. ನೀಟಾಗಿ ಒತ್ತಿದೆ.

ಮಾರ್ಚ್ 7, ಶುಕ್ರವಾರ

ಇನ್ನೂ ಅರ್ಧ ಬೆರಳು ಸರಿಸಿದೆ.

ಕೆಲಸ ಸುಲಭದ್ದಲ್ಲ. ಪೆಡಲ್ ಇರುವುದು ಡ್ರಮ್ಮಿನ ಅಂಚಿಗೆ, ಪೆಡಲ್ ಸರಿದರೆ ಡ್ರಮ್ಮೂ ಸರಿಯುತ್ತದೆ. ಡ್ರಮ್ ಸರಿದರೆ ಅದರ ತಲೆ ಮೇಲಿರುವ ಚಿಕ್ಕ ಡ್ರಮ್ ಕೈಗೆ ಎಟುಕದೆ ಗುಟ್ಟು ರಟ್ಟಾಗುತ್ತದೆ. ಅದರ ಕಂಬಿಯನ್ನು ಅಷ್ಟೇ ಒಳಕ್ಕೆ ತಿರುಗಿಸಿದೆ. ಕೈಗೆ ಎಲ್ಲ ಮೊದಲಿನಂತೆಯೇ. ಕಾಲಿಗೆ ಮಾತ್ರ ದೂರ. ಇಷ್ಟು ಚೆಂದದ ಕೆಲಸ ಯಾವತ್ತೂ ಮಾಡಿರಲಿಲ್ಲ.

ಬರೆದಿಡುತ್ತೇನೆ, ಇಲ್ಲಿ ಬಿಟ್ಟು ಇನ್ನೆಲ್ಲಿ ಹೇಳಲಿ. ಈ ಬ್ಯಾಂಡಿನಲ್ಲಿ ಮೊದಲು ಡ್ರಮ್ ಬಾರಿಸಿದವನು ನಾನು. ಕಾಮಾಲೆಯಾಗಿ ಒಂದು ತಿಂಗಳು ಮಲಗಿದ್ದೆ. ಎದ್ದು ಬಂದರೆ ನನ್ನ ಸ್ಟೂಲ್ ಮೇಲೆ ಅಣ್ಣ. "ಇನ್ನೂ ಸುಸ್ತಿದೆ ನಿಂಗೆ. ಸ್ವಲ್ಪ ದಿನ ಜೋಡಿಸಿಕೊಡು ಸಾಕು," ಅಂದ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಮಾರ್ಚ್ 10

ಅರ್ಧ ಬೆರಳು.

ಅಣ್ಣ ಇವತ್ತು ಬೇಸ್ ಗಿಟಾರಿನವನ ಮೇಲೆ ರೇಗಿದ. ಕಡ್ಡಿ ಅಂತ ಕರೆಯುತ್ತೇವೆ ಅವನನ್ನು, ಮೈಯಲ್ಲಿ ಮಾಂಸವಿಲ್ಲ.

"ತಾಳ ಓಡಿಸ್ತಿದೀಯ ಕಡ್ಡಿ."

"ನಾನಲ್ಲ ಗುರುವೇ. ನಿನ್ನ ಎಡಗಾಲು ಹಿಂದೆ ಬೀಳ್ತಿದೆ."

ನಾನು ಸ್ಪ್ಯಾನರ್ ಒರೆಸುತ್ತಾ ಕೂತೆ. ಹೊಟ್ಟೆ ತಣ್ಣಗಾಯಿತು.

ಮಾರ್ಚ್ 14. ರಾತ್ರಿ

ಬೆಳಿಗ್ಗೆ ಅತ್ತಿಗೆಯ ಫೋನ್. "ನೋಡಪ್ಪಾ, ಕಾಲಿಗೆ ಮರಳಿನ ಚೀಲ ಕಟ್ಕೊಂಡು ಮೆಟ್ಟಿಲು ಹತ್ತಿ ಇಳೀತಾರೆ. ಬೆಳಿಗ್ಗೆ ಐದಕ್ಕೇ ಎದ್ದು ಶುರು. ಊಟ ಬಿಟ್ಟಿದಾರೆ. ನಿನ್ನ ಮಾತಾದ್ರೂ ಕೇಳ್ತಾರೆ, ಸ್ವಲ್ಪ ಹೇಳು."

ನನ್ನ ಮಾತು! ಅವನು ಕೇಳಿದ್ದು ಯಾವಾಗ?

ಅತ್ತಿಗೆ ಒಳ್ಳೆಯವರು. ನನಗೆಂದು ಯಾವತ್ತೂ ತಟ್ಟೆ ಬೇರೆ ಇಟ್ಟವರಲ್ಲ. ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಇವತ್ತು ಟೇಪ್ ಮುಟ್ಟುವುದು ಬೇಡ ಎಂದುಕೊಂಡೇ ಹೋದೆ. ಅಣ್ಣ ಬಂದವನೇ ಕೈಗೆ ಶೂ ಕೊಟ್ಟ — "ಲೇಸ್ ಬಿಗಿಯಾಗಿ ಹಾಕೋ, ಕಾಲು ಅಲ್ಲಾಡ್ತಿದೆ." ಮಂಡಿಯೂರಿ ಕಟ್ಟಿದೆ.

ಮರುದಿನಕ್ಕೆಂದು ಹೊಸ ಟೇಪ್ ಅಂಟಿಸಿಯೇ ಮನೆಗೆ ಬಂದೆ.

ಮಾರ್ಚ್ 19, ಬುಧವಾರ. ಸಂಜೆ

ಅಣ್ಣನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಕಾಲು ಮಡಿಸಿದರು, ಚಾಚಿಸಿದರು, ಸುತ್ತಿಗೆಯಲ್ಲಿ ತಟ್ಟಿದರು, ಎಕ್ಸ್‌ರೇ ಬೆಳಕಿಗೆ ಹಿಡಿದರು.

"ಮೂಳೆ ಚೆನ್ನಾಗಿ ಕೂಡಿದೆ. ನರಾನೂ ಸರಿ ಇದೆ. ಕಾಲಲ್ಲಿ ಏನೂ ತೊಂದರೆ ಇಲ್ಲ."

"ಹಾಗಾದ್ರೆ ಪೆಡಲ್ ಯಾಕೆ ಸಿಗ್ತಿಲ್ಲ ಡಾಕ್ಟ್ರೇ?" ಅಣ್ಣ ಕೇಳಿದ.

"ಬಿದ್ದ ಭಯ ಇರುತ್ತೆ. ತಲೇಲಿ ಕೂತಿರುತ್ತೆ ಅದು."

ಹೊರಗೆ ಕಾರಿನಲ್ಲಿ ಕೂತ ಮೇಲೆ ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡ. ನಾನು ಚಿಕ್ಕವನಿದ್ದಾಗ ರಸ್ತೆ ದಾಟಿಸಲು ಹಿಡಿಯುತ್ತಿದ್ದನಲ್ಲ, ಹಾಗೆ.

"ನೀನು ದಿನಾ ನೋಡ್ತೀಯ. ನಿಜ ಹೇಳು. ನನ್ನ ಕಾಲು ಹೋಯ್ತೇನೋ?"

ಹೇಳಿಬಿಡಬಹುದಿತ್ತು. ಬಾಯಿಗೆ ಬಂದಿತ್ತು ಕೂಡ.

"ವಯಸ್ಸಾಯ್ತಲ್ಲ ಅಣ್ಣ," ಅಂದೆ.

ಅತ್ತ. ಐವತ್ತೆಂಟರ ಮನುಷ್ಯ, ಮೂಗು ಸುರಿಸಿಕೊಂಡು. ಕರ್ಚೀಫ್ ಕೊಟ್ಟೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ, ಒಳ್ಳೆಯ ನಿದ್ದೆ ಬಂತು. ಎದ್ದು ಮುಖ ತೊಳೆದು ಬರೆಯುತ್ತಿದ್ದೇನೆ. ನಾನು ಇಂಥವನೆಂದು ನನಗೇ ಗೊತ್ತಿರಲಿಲ್ಲ.

ಮಾರ್ಚ್ 24, ಸೋಮವಾರ

ಅಣ್ಣ ಕೈಚೆಲ್ಲಿದ. ಮೂರನೆಯ ಹಾಡಿನ ಮಧ್ಯೆ ಕೋಲು ಕೆಳಗಿಟ್ಟು ಎದ್ದುಬಿಟ್ಟ.

ಕಡ್ಡಿ ಸಮಾಧಾನ ಮಾಡಿದ. "ಎಡಗಡೇದು ತೆಗೆದುಬಿಡೋಣ. ಒಂದರಲ್ಲೇ ಬಾರಿಸು ಗುರುವೇ, ಜನಕ್ಕೆ ಏನು ಗೊತ್ತಾಗುತ್ತೆ?"

"ಅರ್ಧ ಮನುಷ್ಯನಾಗಿ ನಾನು ಸ್ಟೇಜ್ ಹತ್ತಲ್ಲ." ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವನು ಬಾರಿಸ್ಲಿ. ಎಲ್ಲಾ ಹಾಡೂ ಗೊತ್ತು ಇವನಿಗೆ."

ಕಡ್ಡಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇವನಾ?" ಅಂದ. ಅನ್ನಲಿ.

ಇಪ್ಪತ್ತಾರು ವರ್ಷ. ಇಪ್ಪತ್ತಾರು! ರಸ್ತೆಯಲ್ಲಿ ಬರುವಾಗ ಎರಡು ಕಾಲೂ ತಾಳ ಹಾಕುತ್ತಿದ್ದವು. ತರಕಾರಿ ಅಂಗಡಿಯ ಹೆಂಗಸು ಯಾಕೆ ಸಾರ್ ಕುಣೀತಿದೀರ ಎಂದು ಕೇಳಿದಳು.

ಮಾರ್ಚ್ 26. ಮಧ್ಯಾಹ್ನ 3

ಆಗುತ್ತಿಲ್ಲ.

ಸ್ಟೂಲ್ ತಗ್ಗಿಸಿದೆ, ಏರಿಸಿದೆ. ಬಲ ಡ್ರಮ್ ಹತ್ತಿರ, ಎಡ ಡ್ರಮ್ ಹತ್ತಿರ. ತೊಡೆಗೆ ತಾಗುತ್ತದೆ. ದೂರ ಇಟ್ಟರೆ ಸೊಂಟ ಹಿಡಿಯುತ್ತದೆ. ಕಣ್ಣು ಕಟ್ಟಿ ಬಿಟ್ಟರೂ ಅಣ್ಣನ ಅಳತೆಗೆ ಜೋಡಿಸುತ್ತೇನೆ — ಮೊಣಕಾಲಿಂದ ಹಿಮ್ಮಡಿಗೆ ಎಷ್ಟು, ಕೈ ಎಷ್ಟು ಉದ್ದ, ಕೋಪ ಬಂದಾಗ ಎಷ್ಟು ಮುಂದಕ್ಕೆ ಬಾಗುತ್ತಾನೆ, ಎಲ್ಲ ಗೊತ್ತು. ನನ್ನ ಕಾಲು ಎಲ್ಲಿ ಬೀಳಬೇಕೋ ಗೊತ್ತಿಲ್ಲ. ಒಂದು ಹಾಡೂ ಪೂರ್ತಿ ಬರಲಿಲ್ಲ. ಗಾಯಕಿ ವಾಚ್ ನೋಡಿಕೊಂಡಳು.

ಮೂಲೆಯ ಕುರ್ಚಿಯಲ್ಲಿ ಅಣ್ಣ ಕೂತಿದ್ದ. "ನಾಳೆ ನಾನು ಬೇಗ ಬರ್ತೀನಿ," ಅಂದ. "ನೀನು ಕೂತ್ಕೋ. ನಾನೇ ಜೋಡಿಸ್ತೀನಿ ನಿಂಗೆ."

ಮಾರ್ಚ್ 27, ಗುರುವಾರ. ಸಂಜೆ 6

ಆದದ್ದು ಆದ ಹಾಗೆ ಬರೆಯುತ್ತೇನೆ.

ಅಣ್ಣ ನನ್ನನ್ನು ಸ್ಟೂಲ್ ಮೇಲೆ ಕೂರಿಸಿದ. ತಾನು ಕಷ್ಟಪಟ್ಟು ಕೆಳಗೆ ಮಂಡಿಯೂರಿದ. ಅತ್ತಿಗೆ ಬಂದಿದ್ದರು, ಕಡ್ಡಿ ಇದ್ದ. ನನ್ನ ಹಿಮ್ಮಡಿ ಹಿಡಿದು ಪೆಡಲ್ ಮೇಲಿಟ್ಟು, "ಆರಾಮಾಗಿದೆಯಾ?" ಎಂದು ಕೇಳಿದ. ಇಷ್ಟು ಮೆತ್ತಗೆ ಯಾವತ್ತೂ ಮಾತಾಡಿದವನಲ್ಲ. ಹೊಸ ಗುರುತು ಹಾಕಲು ಹಳೆಯ ಟೇಪ್ ಕಿತ್ತ.

ಕಿತ್ತವನ ಕೈ ಅಲ್ಲೇ ನಿಂತಿತು. ಕಾರ್ಪೆಟ್ ಮೇಲೆ ಬೆರಳಾಡಿಸಿದ. ಟೇಪ್ ಹೋದರೂ ಅದರ ಗೋಂದು ಹೋಗುವುದಿಲ್ಲ, ಧೂಳು ಹಿಡಿದು ಕಪ್ಪು ಗೆರೆಯಾಗುತ್ತದೆ. ಬೇರೆ ಕಡೆಯೆಲ್ಲ ಒಂದೊಂದೇ ಗೆರೆ. ಎಡ ಪೆಡಲ್ಲಿನ ಹತ್ತಿರ ಎಂಟು. ಸಾಲಾಗಿ, ಸಮನಾಗಿ. ಎಣಿಸಿದ. ಎರಡು ಸಲ.

ಮೊದಲನೆಯ ಗೆರೆಯ ಮೇಲೆ ಬೆರಳಿಟ್ಟ. "ಪೆಡಲ್ ಮೊದಲು ಇಲ್ಲಿತ್ತಾ?"

ಹೂಂ ಅಂದೆ.

ಹೊಡೆಯುತ್ತಾನೆ ಎಂದುಕೊಂಡೆ. ನಗತೊಡಗಿದ! ಕಣ್ಣಲ್ಲಿ ನೀರು ಸುರಿಯುತ್ತಿದೆ, ನಗುತ್ತಿದ್ದಾನೆ. "ಲೇ ಇವಳೇ, ನನ್ನ ಕಾಲು ಸರಿ ಇದೆ ಕಣೇ! ಈ ದಡ್ಡ ಅಳತೆ ತಪ್ಪಿದಾನೆ! ದಿನಾ ಅಂದಾಜಲ್ಲಿ ಇಟ್ಟಿದಾನೆ!" ಅತ್ತಿಗೆ ಮುಖ ಮುಚ್ಚಿಕೊಂಡು ಅತ್ತರು. ಕಡ್ಡಿ ಅಣ್ಣನನ್ನು ತಬ್ಬಿಕೊಂಡ.

ನನ್ನನ್ನು ಯಾರೂ ನೋಡಲಿಲ್ಲ. ತಡೆಯಲಾಗಲಿಲ್ಲ.

"ತಪ್ಪಿದ್ದಲ್ಲ. ಬೇಕಂತಲೇ ಮಾಡಿದೆ," ಅಂದೆ. "ಸ್ವಲ್ಪ ಸ್ವಲ್ಪವೇ ಸರಿಸಿದೆ. ನೀನು ಸ್ಟೂಲ್ ಬಿಟ್ಟು ಏಳಲಿ ಅಂತ."

ಅಣ್ಣ ನನ್ನ ಮುಖ ನೋಡಿದ. ಈಗ ಏಟು ಬಂತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಬರಲಿ ಎಂದು ಕಾದೆ.

"ನಿಂಗೆಲ್ಲೋ ಅಷ್ಟು ತಲೆ," ಅಂದ. ಮತ್ತೆ ನಗು. ಕಡ್ಡಿ ಹೊಟ್ಟೆ ಹಿಡಿದುಕೊಂಡ. ಅತ್ತಿಗೆ ನನ್ನ ಬೆನ್ನು ಸವರಿ, "ಬೈತಾರೆ ಅಂತ ಹೆದರಿ ಏನೇನೋ ಹೇಳ್ಬೇಡಪ್ಪಾ. ತಪ್ಪು ಎಲ್ರಿಗೂ ಆಗುತ್ತೆ," ಅಂದರು.

ಆ ಕಂಬಿ ತಿರುಗಿಸಿದ್ದು ಹೇಳಿದೆ. ದಿನ, ತಾರೀಖು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಆಯ್ತು, ಏಳೋ ಏಳೋ. ಹಳೇ ಜಾಗಕ್ಕೆ ಇಡು, ಬೇಗ."

ಎದ್ದೆ. ಮಂಡಿಯೂರಿದೆ. ಮೊದಲನೆಯ ಗೆರೆಗೆ ಇಟ್ಟೆ. ಅಣ್ಣ ಕೂತು ಬಾರಿಸಿದ. ಎರಡೂ ಕಾಲು ಕುದುರೆಯ ಹಾಗೆ ಓಡಿದವು. ಕಿಟಕಿ ಗಾಜು ಅದುರಿತು. ಏನು ಬಾರಿಸುತ್ತಾನೆ, ಹಾಳಾದವನು.

ಮಾರ್ಚ್ 29. ಸಂಜೆ 6.40

ಸ್ಟೇಜಿನ ಹಿಂದೆ ಪೆಟ್ಟಿಗೆ ಮೇಲೆ ಕೂತು ಬರೆಯುತ್ತಿದ್ದೇನೆ. ಹಾಲ್ ತುಂಬಿದೆ. ನಾಲ್ಕು ಹಾಡಾಯಿತು, ಒಂದು ಪೆಟ್ಟೂ ತಪ್ಪಿಲ್ಲ.

ಅಣ್ಣ ಮೈಕ್ ತೆಗೆದುಕೊಂಡ. ಕಾಲು ಮುರಿದ ಕಥೆ. ಮರಳಿನ ಚೀಲ. ಡಾಕ್ಟರಮ್ಮ. ಈಗ ಟೇಪಿನ ಕಥೆ... ಎಂಟು ಗೆರೆಯನ್ನು ಹತ್ತು ಮಾಡಿದ್ದಾನೆ. ಜನ ನಗುತ್ತಿದ್ದಾರೆ. "ಮೇಲಿಂದ ಏನಂತಾನೆ ಗೊತ್ತಾ? ಬೇಕಂತಲೇ ಮಾಡ್ದೆ ಅಂತಾನೆ!" ಹಾಲಿಗೆ ಹಾಲೇ ನಗುತ್ತಿದೆ. ಸಿಳ್ಳೆ. ಮುಂದಿನ ಸಾಲಿನಲ್ಲಿ ಅತ್ತಿಗೆಯೂ ನಗುತ್ತಿದ್ದಾರೆ, ಇಲ್ಲಿಂದ ಕಾಣುತ್ತದೆ.

ಕರೆಯುತ್ತಿದ್ದಾನೆ. "ಬಾರೋ, ನಾಚ್ಕೋಬೇಡ, ಜನ ನಿನ್ನ ನೋಡ್ಲಿ." ಚಪ್ಪಾಳೆ ನಿಲ್ಲುತ್ತಿಲ್ಲ. ಕಡ್ಡಿ ಪರದೆ ಸರಿಸಿ ಕೈ ಚಾಚಿದ್ದಾನೆ. ಹೋಗಬೇಕು. ನಗುತ್ತಾ ಹೋಗಬೇಕು. ನಗು ಬರುತ್ತಿ—