ಶಮಶಾದಳ ಏಳು ಹಡಗು

೨ ಜನವರಿ ೨೦೦೪, ಶುಕ್ರವಾರ

ಮತ್ತೆ ಸೋತೆ. ಗಾಳಿ ನನ್ನ ಕಡೆಗೇ ಇತ್ತು, ಆದರೂ ಸೋತೆ. ಸಮುದ್ರ ಮಡಚಿ ಇಟ್ಟೆ — ಅಂದರೆ ಆಟಕ್ಕೆ ಹಾಸುವ ನೀಲಿ ಚಾದರ. ಪುಂಡಲೀಕಪ್ಪಣ್ಣ ನನ್ನ ಹೊಸ ಹಡಗನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಶಿರಹಟ್ಟಿ ಬಸ್ಸು ಹತ್ತಿದರು. ಸೋತ ಹಡಗು ಗೆದ್ದವರ ಮನೆಗೆ. ಹದಿನಾಲ್ಕು ವರ್ಷದಿಂದ ಇದೇ ಕಾಯ್ದೆ. ಅಣ್ಣ ನೇವಿಯ ಸ್ಟೋರಿನಲ್ಲಿದ್ದು ರಿಟೈರ್ ಆದವರು. ದಾಳ ಹಾಕಿ ಕಾಗದದ ಹಡಗು ಕಾದಿಸುವ ಈ ಆಟದ ಪುಸ್ತಕ ತಂದವರೂ ಅವರೇ, ಕಾಯ್ದೆ ಮಾಡಿದವರೂ ಅವರೇ. ನಾನು ಬೆಟಗೇರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವನು. ಸಮುದ್ರ ನೋಡಿದ್ದು ಒಂದೇ ಸಲ, ಕಾರವಾರದಲ್ಲಿ.

ಇವತ್ತು ಒಯ್ದದ್ದು ಹೋಗಲಿ. ಅದರ ಹಾಯಿಯ ಹಗ್ಗ ನಾನೇ ಕಟ್ಟಿದ್ದು — ಸೊಟ್ಟ. ಆದರೆ ನನ್ನ ಹೆಂಡತಿ ಶಮಶಾದ ಹಗ್ಗ ಕಟ್ಟಿದ ಏಳು ಹಡಗು ಅವರ ಕಪಾಟಿನಲ್ಲಿವೆ. ಏಳೂ ನಾನು ಸೋತವೇ. ಅವಳಿದ್ದಾಗ ಚಿಂತೆ ಎಲ್ಲಿತ್ತು, ಒಂದು ಹೋದರೆ ಇನ್ನೊಂದು ಕಟ್ಟಿಕೊಡುತ್ತಿದ್ದಳು. ಹೋದ ಆಗಸ್ಟಿನಲ್ಲಿ ತೀರಿಹೋದಳು. ಈಗ ಮನೆಯಲ್ಲಿ ಅವಳ ಕೈಯದು ಒಂದೂ ಇಲ್ಲ. ಕೇಳಿದರೆ ಅಣ್ಣ ಕೊಟ್ಟಾರು. ಕೇಳಲಾರೆ. ಗೆದ್ದೇ ತರಬೇಕು.

೬ ಜನವರಿ

ಯಾರೋ ಫಕ್ಕೀರಪ್ಪನ ಲಗ್ನದ ಕಾರ್ಡು — ತಾರೀಕು ತಪ್ಪು ಬಿತ್ತು. ಇನ್ನೂರು ಕಾರ್ಡು ರದ್ದಿ. ನನಗೆ ಹಬ್ಬ. ದಪ್ಪ ಕಾಗದ, ಮಡಚಿದರೆ ಬಿರುಕು ಬಿಡುವುದಿಲ್ಲ. ಅಚ್ಚಾದ ಮಗ್ಗುಲು ಒಳಗೆ ಮಾಡಿ ಒಡಲು ಅಂಟಿಸಿದೆ. ಪಾಪ, ವಧುವರರು ಈಗ ತೋಪಿನ ಕೆಳಗೆ. ಊದುಬತ್ತಿ ಕಡ್ಡಿಯ ಕಂಬ, ಬಟರ್ ಪೇಪರಿನ ಹಾಯಿ.

ಹಗ್ಗಕ್ಕೆ ಬಂದು ನಿಂತೆ. ಅವಳ ಹೊಲಿಗೆ ಬುಟ್ಟಿಯಲ್ಲಿ ಕರಿದಾರ ಇದೆ. ಅವಳು ದಾರಕ್ಕೆ ಮೇಣಬತ್ತಿ ಸವರಿ, ಗಂಟು ಹಾಕಿ, ಹಲ್ಲಿನಿಂದ ಕಡಿಯುವವಳು. ಮೂವತ್ತೊಂದು ವರ್ಷ ಬೈದೆ, ಮನಿಯಾಗ ಕತ್ತರಿ ಇಲ್ಲೇನ ಅಂತ. “ಕತ್ತರಿ ಹುಡುಕೂದರಾಗ ಇನ್ನೊಂದ ಗಂಟ ಆಗತೈತಿ, ಸುಮ್ನ ಕುಂಡ್ರಿ” ಅನ್ನುವಳು.

೯ ಜನವರಿ, ಶುಕ್ರವಾರ

ಗೆದ್ದೆ!! ಅಣ್ಣ ಅವಳ ಹಡಗನ್ನೇ ನನ್ನ ಮೇಲೆ ತಂದಿದ್ದರು. ಎದುರುಗಾಳಿಗೆ ಮೂತಿ ಕೊಟ್ಟು ನಿಲ್ಲಿಸಿಬಿಟ್ಟರು — ನೇವಿ ಮನುಷ್ಯ! ಎರಡೇ ಸುತ್ತು ತೋಪು, ಬಾವುಟ ಇಳಿಸಿದರು.

ಒಂದು ಮನೆಗೆ ಬಂತು. ಎದುರಿಗಿಟ್ಟುಕೊಂಡು ಅತ್ತೆ. ಬರೆಯಲು ನಾಚಿಕೆಯೇನು, ಅತ್ತೆ. ಗಂಟಿಗೊಂದು ದಾರದ ತುದಿ ಜೋತು ಬಿದ್ದಿತ್ತು. ಪ್ರೆಸ್ಸಿನವನ ಕಣ್ಣು ಸಹಿಸಬೇಕಲ್ಲ. ಬ್ಲೇಡು ತಗೊಂಡು ಎಲ್ಲಾ ತುದಿ ಟ್ರಿಮ್ ಮಾಡಿದೆ. ಈಗ ನೀಟ್.

೨೩ ಜನವರಿ, ಶುಕ್ರವಾರ

ಎರಡು! ಒಂದೇ ದಿನ ಎರಡು! ಅವನ್ನೂ ಟ್ರಿಮ್ ಮಾಡಿ ಸಾಲಾಗಿ ಇಟ್ಟೆ. ಅಣ್ಣನಿಗೆ ವಯಸ್ಸಾಯಿತು, ನನಗೆ ಈಗ ಕೈ ಕುದುರಿತು ಅಂದುಕೊಂಡೆ. ಪ್ರತಿ ಸಲ “ದಾಳಾ ಎಷ್ಟ ಬಿತ್ತಲೇ?” ಅಂತ ನನ್ನನ್ನೇ ಕೇಳುತ್ತಾರೆ. ತಾನೇ ನೋಡಬಾರದೇ. ಉಳಿದದ್ದು ನಾಲ್ಕು.

೬ ಫೆಬ್ರವರಿ, ಶುಕ್ರವಾರ

ನಾಲ್ಕನೆಯದು ಬಂತು. ಅದನ್ನೂ ಟ್ರಿಮ್ ಮಾಡಿದೆ, ಸಂತೋಷ ಬರಲಿಲ್ಲ. ಅಣ್ಣ ಇವತ್ತು ತಮ್ಮದೇ ಇನ್ನೊಂದು ಹಡಗಿಗೆ ಗುರಿ ಹಿಡಿದರು. ಹುಡುಗರೂ ಹಾಗೆ ಆಡುವುದಿಲ್ಲ. ತಲೆ ಕೆಟ್ಟಿತು.

“ಅಣ್ಣಾರ, ಬೇಕಂತ ಸೋಲಾಕತ್ತೀರೇನ್ರಿ?”

“ಹಂಗ್ಯಾಕಂತಿ?”

“ಹೇಂತಿ ಸತ್ತಾಳಂತ ಭಿಕ್ಷಾ ಹಾಕಾಕತ್ತೀರಿ. ನನಗ ಬ್ಯಾಡ ನಿಮ್ಮ ಭಿಕ್ಷಾ.”

ಅಣ್ಣ “ಆತ ಬಿಡು” ಅಂದರು. ಗೋಡೆ ಹಿಡಿದುಕೊಂಡು ಎದ್ದು, ಕಾಲಿನಿಂದ ಚಪ್ಪಲಿ ತಡವಿದರು. ಬಸ್ಸಿಗೆ ಬಿಡಲು ನಾನು ಹೋಗಲಿಲ್ಲ.

೨೦ ಫೆಬ್ರವರಿ, ಶುಕ್ರವಾರ

ಹೋದ ವಾರವೂ ಬರಲಿಲ್ಲ, ಇವತ್ತೂ ಇಲ್ಲ. ನಮಾಜು ಮುಗಿಸಿ ಬಂದು ಚಾದರ ಹಾಸಿದ್ದೆ. ಸಂಜೆಗೆ ಮಡಚಿದೆ.

೫ ಮಾರ್ಚ್

ಅಣ್ಣನ ಮಗಳು ನಾಗರತ್ನಾ ಪ್ರೆಸ್ಸಿಗೆ ಬಂದಿದ್ದಳು. ಕೂಡ್ರಲಿಲ್ಲ.

“ಕಾಕಾ, ಅಪ್ಪಾಗ ಒಂದ ಕಣ್ಣ ಪೂರಾ ಹೋಗೇತ್ರಿ. ಇನ್ನೊಂದರಾಗ ಬರೇ ನೆಳ್ಳ ಕಾಣತೈತಿ. ಹೊಸ ವರ್ಷದಿಂದ ಭಾಳ ಜಲ್ದಿ ಇಳೀತ್ರಿ. ನಿಮಗ ಹೇಳಬ್ಯಾಡ ಅಂದಿದ್ರು.”

“ಯಾಕವಾ?”

“ತಿಳಿದ್ರ ನೀವು ಆಟಾ ಬಂದ್ ಮಾಡ್ತೀರಂತ.”

ಭಿಕ್ಷೆ ಅಂದೆನಲ್ಲ. ಕಣ್ಣಿಲ್ಲದವರನ್ನು ಸೋಲಿಸಿ ಕುಣಿದೆನಲ್ಲ. ಗೆದ್ದವನು ಸೋತ ಅಂತ ಗಾದೆ. ಇನ್ನು ಬರೆಯಲಾರೆ.

೭ ಮಾರ್ಚ್, ರವಿವಾರ

ಶಿರಹಟ್ಟಿಗೆ ಹೋದೆ. ನಾಲ್ಕೂ ಹಡಗು ಡಬ್ಬಿಯಲ್ಲಿ ಒಯ್ದೆ, ತಿರುಗಿ ಕೊಟ್ಟುಬಿಡೋಣ ಅಂತ. ತಪ್ಪಾತ್ರಿ ಅಂದೆ. “ಅದನ್ನ ಅವತ್ತ ಬಿಟ್ಟಬಿಟ್ಟೀನಿ. ಕುಂಡ್ರು” ಅಂದರು. ಒಂದು ಹಡಗು ಅವರ ಕೈಗಿಟ್ಟೆ. ಬೆರಳಿನಿಂದ ಕಂಬ ಹಿಡಿದರು, ಹಗ್ಗ ಸವರಿದರು.

“ಇದು ನೀ ಕಟ್ಟಿದ್ದು.”

“ಅಲ್ರೀ ಅಣ್ಣಾರ. ಆಕೀದು. ನಿಮ್ಮ ಕಡಿಂದ ಗೆದ್ದದ್ದು.”

ಮತ್ತೆ ಸವರಿದರು. ಇನ್ನೊಂದು ಕೇಳಿದರು. ಅದನ್ನೂ ಸವರಿದರು.

“ಶಮಶಾದ ತಂಗೀ ಗಂಟಿಗೆ ಬಾಲ ಇರತಿತ್ತಲೇ. ಹಲ್ಲಿಲೆ ಕಡೀತಿದ್ಲಲ್ಲ, ತುದಿ ಹತ್ತಿ ಹಂಗ, ಮೆತ್ತಗ. ಕಣ್ಣ ಹೋದಮ್ಯಾಗ ಅದರ ಮ್ಯಾಲೆ ಗುರ್ತ ಹಿಡೀತಿದ್ದೆ. ಇದು ಚುಚ್ಚತೈತಿ.”

ಬ್ಲೇಡು. ನಾನು ಹೇಳಲಿಲ್ಲ. ಅವರಿಗೆ ತಿಳಿಯಿತು ಅನಿಸುತ್ತದೆ. ಕೈ ಹುಡುಕಿ ಹಿಡಿದುಕೊಂಡರು. ನಾಗರತ್ನಾಗೆ ಹೇಳಿ ಕಪಾಟಿನಿಂದ ಉಳಿದ ಮೂರು ತರಿಸಿದರು. “ಒಯ್ಯಿ. ಕಾಯ್ದೆ ಇರಲಿ ಅತ್ತಾಗ.”

ಕಣ್ಣು ಮುಚ್ಚಿ ಒಂದರ ಗಂಟು ಮುಟ್ಟಿದೆ. ಮೆತ್ತಗಿತ್ತು. ಮೂವತ್ತೊಂದು ವರ್ಷ ನನ್ನೆದುರೇ ಕೂತು ಕಡಿದಳು, ನನಗೆ ಕಂಡದ್ದು ಬರೇ ಗಲೀಜು. ಮೂರನ್ನೂ ಅಲ್ಲೇ ಬಿಟ್ಟು, ನಾನು ಕೆಡಿಸಿದ ನಾಲ್ಕನ್ನು ವಾಪಸ್ಸು ತಂದೆ. ನನ್ನ ಕೈಯ ಮೇಲೆ ನನಗೆ ನಂಬಿಕೆ ಇಲ್ಲ. ಇನ್ನು ಶುಕ್ರವಾರ ನಾನೇ ಹೋಗುವುದು. ದಾಳ ಓದಿ ಹೇಳುವುದು, ಖರೆ ಹೇಳುವುದು.

೮ ಮಾರ್ಚ್, ಬೆಳಗ್ಗೆ

ಪ್ರೆಸ್ಸು ತೆಗೆದಿಲ್ಲ. ನಾಲ್ಕೂ ಹಡಗು ಮುಂದಿಟ್ಟುಕೊಂಡು ಕಣ್ಣು ಮುಚ್ಚಿ ಒಂದೊಂದೇ ಸವರುತ್ತ, ನಡುವೆ ಬರೆಯುತ್ತ ಕೂತಿದ್ದೇನೆ. ಎಲ್ಲೋ ಒಂದು ಮೂಲೆಗೆ ಬ್ಲೇಡು ತಲುಪಿರಲಿಕ್ಕಿಲ್ಲ. ಒಂದು ತುದಿ ಸಾಕು. ಮೊದಲನೆಯದು — ಚುಚ್ಚುತ್ತದೆ. ಎರಡನೆಯದೂ. ಮೂರನೆಯದು… ಹಿಂದಿನ ಕಂಬದ ಬುಡ, ಹಾಯಿಯ ಒಳಗೆ, ಬೆರಳು ಹೋಗುವುದೇ ಕಷ್ಟ, ಅಲ್ಲಿ ಒಂದು ಬಾಲ, ಮೆತ್ತಗೆ.