ಕೇಳಲು ಒಪ್ಪಿಗೆ

ಫೆಬ್ರವರಿ 6, ಗುರುವಾರ

ಇವತ್ತೂ ಬೈಗುಳದಿಂದಲೇ ಶುರು. ಡಿಸ್ಚಾರ್ಜ್ ಆದವರು ಕಾಯುವ ಕೋಣೆಯಿಂದ ನರ್ಸ್ ಫೋನ್— "ನಿಮ್ಮ ಫಾರ್ಮಸಿ ಮಲಗಿದೆಯಾ?" ಹನ್ನೊಂದು ವರ್ಷದಿಂದ ಔಷಧಿ ಕಟ್ಟಿಕೊಡುತ್ತಿದ್ದೇನೆ. ಯಾರು ಕಾದರೂ ತಪ್ಪು ನಮ್ಮದೇ. ನಿಜವಾಗಿ ಏಕೆ ಕಾಯುತ್ತಾರೆ? ಅವರನ್ನೇ ಕೇಳಿಬಿಡಬೇಕು. ಐದೇ ಪ್ರಶ್ನೆ. ಸೂಜಿಯಿಲ್ಲ, ಮಾತ್ರೆಯಿಲ್ಲ. ಆದರೂ ರೋಗಿಗಳನ್ನು ಕೇಳುವುದೆಂದರೆ ಸಂಶೋಧನೆ; ಮೊದಲು ನೈತಿಕ ಸಮಿತಿ ಒಪ್ಪಬೇಕು, ಆಮೇಲೆ ಆಸ್ಪತ್ರೆಯ ಸಂಶೋಧನಾ ಕಚೇರಿ. ಮೇ 16ಕ್ಕೆ ಆ ಕೋಣೆಯನ್ನೇ ಮುಚ್ಚುತ್ತಾರೆ. ಅಷ್ಟರೊಳಗೆ ಆಗಲೇಬೇಕು.

ಮಾರ್ಚ್ 11, ಮಂಗಳವಾರ

ಸಮಿತಿಯವರ ಜೊತೆ ವಿಡಿಯೋ ಕಾಲ್. ಜನಸಾಮಾನ್ಯರ ಪರವಾಗಿ ಕೂತಿದ್ದ ಆಗ್ಡನ್— ಲೀಡ್ಸ್‌ನಲ್ಲಿ ಬಸ್ ಓಡಿಸಿ ನಿವೃತ್ತರಾದವರು— ರೋಗಿಗಳು ಓದಿ ಸಹಿ ಹಾಕಬೇಕಾದ ನನ್ನ ಮಾಹಿತಿ ಪತ್ರ ಎತ್ತಿ ಹಿಡಿದರು.

"ಏನಮ್ಮಾ ಇದು, ಐದು ಪ್ರಶ್ನೆಗೆ ಆರು ಪುಟ? ಓದಿ ಮುಗಿಸೋಷ್ಟರಲ್ಲಿ ಅವರ ಟ್ಯಾಕ್ಸಿ ಬಂದು ಹೋಗಿರುತ್ತೆ."

ಸಿಟ್ಟು ಬಂತು. ಊಟದ ಹೊತ್ತಿಗೆ ಇಳಿಯಿತು. ಒಂದೇ ಪುಟ ಮಾಡಿದೆ. ಚೆನ್ನಾಗಿದೆ, ನಿಜಕ್ಕೂ!

ಮಾರ್ಚ್ 21

ಸಮಿತಿ ಒಪ್ಪಿತು. ಫಾರ್ಮಸಿಗೆಲ್ಲ ಶುಂಠಿ ಕೇಕ್.

ಏಪ್ರಿಲ್ 24, ಗುರುವಾರ

ಸಂಶೋಧನಾ ಕಚೇರಿಯ ರೊಸಲಿಂಡ್ ಫೈಲ್ ವಾಪಸ್ ಕಳುಹಿಸಿದ್ದಾಳೆ. ಓಡಿದೆ.

"ಸಮಿತಿ ಒಪ್ಪಿದ್ದು ಮೂರನೇ ಆವೃತ್ತಿ. ನಿನ್ನ ಹಾಳೆ ಅಡಿಯಲ್ಲಿ ಎರಡು ಅಂತಿದೆ ಕಣೇ ಥೆಲ್ಮಾ."

"ಒಂದು ಅಂಕಿಗೆ ಒಂದು ತಿಂಗಳಾ?"

"ಆ ಅಂಕಿ ನೋಡೋಕ್ಕೇ ನನಗೆ ಸಂಬಳ ಕೊಡೋದು."

ಆತುರಗಾರರಿಗೆ ಬುದ್ಧಿ ಮಟ್ಟ. ಪುಟ ಇಳಿಸಿದ ಖುಷಿಯಲ್ಲಿ ಅಡಿಯ ಅಂಕಿ ಬದಲಿಸಲೇ ಇಲ್ಲ. ಅವಳೆದುರೇ ತಿದ್ದಿದೆ. ಪಾಪ, ಟೀ ಕೊಟ್ಟಳು.

ಮೇ 7, ಬುಧವಾರ, ಬೆಳಿಗ್ಗೆ 9.10

ರೊಸಲಿಂಡ್‌ಳ ಮೇಲ್: "ಶುರು ಮಾಡು. ನನ್ನ ಪಾಲಿನ ಕೇಕ್ ಮರೀಬೇಡ." ಒಂಬತ್ತು ದಿನ ಉಳಿದಿದೆ. ಸಾಕು!

11.40

ಕಾಯುವ ಕೋಣೆ. ಹೆಸರು ಇಲ್ಲಿಯೂ ಬರೆಯುವಂತಿಲ್ಲ, ಮಾತು ಕೊಟ್ಟಿದ್ದೇನೆ. ಒಂದನೇ ನಂಬರಿನ ಅಜ್ಜಿ ಎಂದಿರಲಿ. ಕೋಟು ತೊಟ್ಟು, ಗುಂಡಿ ಹಾಕಿ ಕೂತಿದ್ದರು. ಹಾಳೆಯನ್ನು ಒಂದೇ ನಿಮಿಷದಲ್ಲಿ ಓದಿ ಸಹಿ ಹಾಕಿದರು.

"ಔಷಧಿಗೆ ಎಷ್ಟು ಹೊತ್ತಿಂದ ಕಾಯ್ತಿದ್ದೀರಿ?"

"ಔಷಧಿಗಾ? ಅದು ಹತ್ತು ಗಂಟೆಗೇ ಬಂತಲ್ಲ ಪುಟ್ಟಾ." ಕುರ್ಚಿಯ ಕೆಳಗಿಂದ ಚೀಲ ಎಳೆದು ತೋರಿಸಿದರು. ಚೀಟಿಯ ಮೇಲೆ ನನ್ನದೇ ಸಹಿ.

"ಮತ್ತೆ ಯಾಕೆ ಕೂತಿದ್ದೀರಿ?"

"ಹೋಗಬಹುದು ಅಂತ ಯಾರೂ ಹೇಳ್ಲಿಲ್ಲ. ಹೇಳದೇ ಎದ್ದು ಹೋದ್ರೆ ಚೆನ್ನಾಗಿರುತ್ತಾ?"

ನಗು ಬಂತು, ಕಣ್ಣೂ ತುಂಬಿತು. "ಹೋಗಬಹುದು ಅಜ್ಜಿ" ಎಂದೆ. ಟ್ಯಾಕ್ಸಿಗೆ ಹೇಳಿ, ಅವರ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನೂ ನಾಲ್ಕು ಪ್ರಶ್ನೆ ಬಾಕಿ. ಕೇಳಲು ಒಪ್ಪಿಗೆಯೂ ಇದೆ, ಎರಡೆರಡು... ಹಾರ್ನ್ ಕೇಳಿಸಿತು. ಪ್ರಶ್ನೆ ಇರಲಿ. ಚೀಲ ನಾನೇ ಹಿಡಿದುಕೊಂಡು—